ಡಿಫೆನ್ಸ್ ಫ್ಯಾಕ್ಟರಿಯಿಂದ ಮಗಳಿಗೆ ಅಪ್ರೆಂಟಿಸ್ ಕರೆ ಬಂದಿದೆ, ಕಳಿಸಲಾ?

ತೀರ್ಥಹಳ್ಳಿ ಕಡೆಯ ಒಬ್ಬ ತಂದೆ ಬರೆದ ಪತ್ರ ಇದು. ಉದ್ದವಾಗಿತ್ತು, ಸ್ವಲ್ಪ ಕತ್ತರಿಸಿದ್ದೇನೆ.

"ಸರ್, ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಒಬ್ಬಳೇ ಮಗಳು. ಈ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಳು, ಒಳ್ಳೆ ಮಾರ್ಕ್ಸ್ ಇದೆ. ಬೆಂಗಳೂರಿನ ಒಂದು ರಕ್ಷಣಾ ಕಾರ್ಖಾನೆಯಿಂದ ಒಂದು ವರ್ಷದ ಅಪ್ರೆಂಟಿಸ್‌ಗೆ ಆಯ್ಕೆ ಆಗಿದ್ದೀರಿ ಅಂತ ಮೇಲ್ ಬಂದಿದೆ. ಸ್ಟೈಪೆಂಡ್ ಹತ್ತು ಸಾವಿರದ ಆಸುಪಾಸು. ನನ್ನ ಭಾವ 'ಅದು ಬಿಟ್ಟಿ ಚಾಕರಿ, ವರ್ಷ ದುಡಿಸಿಕೊಂಡು ಮನೆಗೆ ಕಳಿಸ್ತಾರೆ' ಅಂತಾರೆ. ಸೊಸೈಟಿಯಲ್ಲಿ ಸಿಕ್ಕ ಒಬ್ಬರು 'ಒಂದ್ಸಲ ಗೇಟ್ ಒಳಗೆ ಹೋದರೆ ಸಾಕು, ಪರ್ಮನೆಂಟ್ ಆದ ಹಾಗೇ' ಅಂತಾರೆ. ಶಿವಮೊಗ್ಗದ ಒಬ್ಬ ಒಂದೂವರೆ ಲಕ್ಷ ಕೊಟ್ಟರೆ ಆಮೇಲೆ ಕಾಯಂ ಮಾಡಿಸಿಕೊಡ್ತೀನಿ ಅಂತ ಫೋನ್ ಮೇಲೆ ಫೋನ್ ಮಾಡ್ತಿದ್ದಾನೆ. ಅವಳಿಗೆ ಎಂಜಿನಿಯರ್ ಆಗಬೇಕು ಅಂತ ಆಸೆ. ಡಿಸಿಇಟಿ ಬರೆದಿದ್ದಾಳೆ, ಶಿವಮೊಗ್ಗದಲ್ಲೇ ಬಿ.ಇ. ಎರಡನೇ ವರ್ಷಕ್ಕೆ ಸೀಟು ಸಿಗಬಹುದು. ಯಾವುದಕ್ಕೆ ಕಳಿಸಲಿ? ಹುಡುಗಿ ಯಂತ್ರಗಳ ನಡುವೆ ಕೆಲಸ ಮಾಡೋದು ಹೇಗೆ ಅಂತ ಅವಳ ಅಮ್ಮನಿಗೆ ಚಿಂತೆ. ಹಾಗಂತ ಅವಳಿಗೆ ಭಯ ಏನಿಲ್ಲ. ಹೋದ ವರ್ಷ ಅಡಿಕೆ ಸುಲಿಯೋ ಮೆಷಿನ್ ಕಾಯಿಗೆಲ್ಲ ಗಾಯ ಮಾಡ್ತಿತ್ತು. ಮೆಕ್ಯಾನಿಕ್ ಬರೋಕೆ ಮುಂಚೆ ಇವಳೇ ಬಿಚ್ಚಿ ಬ್ಲೇಡಿನ ಸಂದು ಸರಿ ಮಾಡಿದ್ದಳು."

ಮೊದಲು ಆ ಫೋನಿನವನ ವಿಷಯ ಮುಗಿಸಿಬಿಡೋಣ. ಅವನ ನಂಬರ್ ಬ್ಲಾಕ್ ಮಾಡಿ. ಅಪ್ರೆಂಟಿಸ್ ಆಯ್ಕೆ ಕೆಲವು ಕಡೆ ಡಿಪ್ಲೊಮಾ ಅಂಕದ ಮೇಲೆ ನಡೆಯುತ್ತದೆ, ಕೆಲವು ಕಡೆ ಪರೀಕ್ಷೆ ಅಥವಾ ಸಂದರ್ಶನ ಇರುತ್ತದೆ. ಕಾಯಂ ನೇಮಕಾತಿಗೆ ಬೇರೆಯೇ ಅಧಿಸೂಚನೆ, ಬೇರೆಯೇ ಪರೀಕ್ಷೆ. ಈ ಎರಡರ ನಡುವೆ ದುಡ್ಡು ಇಸಿದುಕೊಂಡು ಸೇತುವೆ ಕಟ್ಟಿಕೊಡುವವರು ಯಾರೂ ಇಲ್ಲ. ಇವರದ್ದು ಹಳೇ ಲೆಕ್ಕಾಚಾರ. ಹತ್ತು ಜನರ ಹತ್ತಿರ ತಗೊಳ್ಳುವುದು, ಅದರಲ್ಲಿ ಇಬ್ಬರು ತಮ್ಮ ಓದಿನಿಂದಲೇ ಪಾಸಾದರೆ 'ನಾನೇ ಮಾಡಿಸಿದ್ದು' ಅನ್ನುವುದು.

ಬಂದಿರುವ ಮೇಲ್ ನಿಜವೋ ಸುಳ್ಳೋ ನೋಡುವುದಕ್ಕೂ ದಾರಿ ಇದೆ. ಡಿಪ್ಲೊಮಾ ಮತ್ತು ಪದವೀಧರರ ಅಪ್ರೆಂಟಿಸ್ ಒಪ್ಪಂದ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ನಮ್ಮ ದಕ್ಷಿಣ ವಲಯಕ್ಕೆ ಅದನ್ನು ನೋಡಿಕೊಳ್ಳುವ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ಚೆನ್ನೈನಲ್ಲಿದೆ. ಮಗಳ ನ್ಯಾಟ್ಸ್ ಲಾಗಿನ್‌ನಲ್ಲಿ ಆ ಕಾರ್ಖಾನೆಯ ಹೆಸರಿನ ಒಪ್ಪಂದ ಕಾಣಬೇಕು. ಅಲ್ಲಿ ಇಲ್ಲ, ಬರೀ ಮೇಲ್‌ನಲ್ಲಿ ಮಾತ್ರ ಇದೆ ಅಂದರೆ ಬ್ಯಾಗು ಕಟ್ಟುವ ಮೊದಲು ಕಾರ್ಖಾನೆಯ ತರಬೇತಿ ವಿಭಾಗಕ್ಕೆ ನೇರವಾಗಿ ಫೋನ್ ಮಾಡಿ ಕೇಳಿ.

ಇನ್ನು ನಿಮ್ಮ ಭಾವ ಮತ್ತು ಸೊಸೈಟಿಯವರು. ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ, ಅದಕ್ಕೇ ನಿಮಗೆ ಗೊಂದಲ ಆಗಿರುವುದು.

1961ರ ಅಪ್ರೆಂಟಿಸ್ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಅಪ್ರೆಂಟಿಸ್ ಅಂದರೆ ಕಲಿಯುವವರು, ಕಾರ್ಮಿಕರಲ್ಲ. ಅದಕ್ಕೇ ಪಿಎಫ್ ಇಲ್ಲ, ಸಂಬಳದ ಬದಲು ಸ್ಟೈಪೆಂಡ್. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾನೂನಿಲ್ಲ. 2014ರ ತಿದ್ದುಪಡಿಯಲ್ಲಿ ಬಂದಿದ್ದು ಇಷ್ಟೇ: ತರಬೇತಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆ ತನ್ನದೇ ನೀತಿ ಮಾಡಿಕೊಳ್ಳಬೇಕು. ಸೊಸೈಟಿಯವರು ಕೇಳಿರುವ ಸುದ್ದಿಯ ಮೂಲ ಬಹುಶಃ 1995ರ ಸುಪ್ರೀಂ ಕೋರ್ಟ್ ತೀರ್ಪು. ಉತ್ತರ ಪ್ರದೇಶ ರಸ್ತೆ ಸಾರಿಗೆ ನಿಗಮದ ಕೇಸದು. ಉಳಿದದ್ದೆಲ್ಲ ಸಮನಾಗಿದ್ದರೆ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಹೊಸಬರಿಗಿಂತ ಆದ್ಯತೆ ಕೊಡಿ ಅಂತ ಕೋರ್ಟ್ ಹೇಳಿತು. 'ಉಳಿದದ್ದೆಲ್ಲ ಸಮನಾಗಿದ್ದರೆ' ಅನ್ನುವ ತುಂಡನ್ನು ಬಿಟ್ಟು ಮಿಕ್ಕಿದ್ದನ್ನು ಮಾತ್ರ ಜನ ಹೇಳಿಕೊಂಡು ಬಂದರು. ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಆ ಆದ್ಯತೆ ಕೈ ಹಿಡಿಯುವುದಿಲ್ಲ.

ಭಾವನವರ 'ಬಿಟ್ಟಿ ಚಾಕರಿ' ಮಾತಿಗೆ ಬರುತ್ತೇನೆ. ದುಡ್ಡಿನ ಲೆಕ್ಕದಲ್ಲಿ ಅವರದ್ದು ತಪ್ಪೇನಲ್ಲ. 2019ರ ನಿಯಮ ಡಿಪ್ಲೊಮಾದವರಿಗೆ ನಿಗದಿ ಮಾಡಿದ್ದು ತಿಂಗಳಿಗೆ ಕನಿಷ್ಠ 8,000 ರೂಪಾಯಿ, ಪದವೀಧರರಿಗೆ 9,000. ಸಂಸ್ಥೆ ಅದಕ್ಕಿಂತ ಜಾಸ್ತಿ ಕೊಡಬಹುದು, ನಿಮ್ಮ ಮಗಳಿಗೆ ಹಾಗೇ ಬಂದಿರುವಂತಿದೆ. ಆದರೂ ಬೆಂಗಳೂರಿನಲ್ಲಿ ಊಟ ಸೇರಿಸಿ ಪಿಜಿಗೆ ಕೊಟ್ಟು, ಬಸ್ ಪಾಸು ಮಾಡಿಸಿ, ಹಬ್ಬಕ್ಕೆ ಊರಿಗೆ ಬಂದು ಹೋದರೆ ಕೈಯಲ್ಲಿ ಉಳಿಯುವುದು ಸೊನ್ನೆ. ನೀವು ತಿಂಗಳಿಗೆ ಎರಡು ಮೂರು ಸಾವಿರ ಕಳಿಸಬೇಕಾಗಬಹುದು. ಕೊಳೆರೋಗ ಬಂದ ವರ್ಷ ಅದೂ ಭಾರವೇ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ಆ ಒಂದು ವರ್ಷದಲ್ಲಿ ಅವಳಿಗೆ ಸಿಗುವುದು ಏನು?

ನಾನು ಭದ್ರಾವತಿಯವನು. ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು ಮೈಸೂರು ಸಂಸ್ಥಾನ 1918ರಲ್ಲಿ ಶುರು ಮಾಡಿದ್ದು, ಹಾಗಾಗಿ ಅಪ್ರೆಂಟಿಸ್ ಅನ್ನುವ ಪದ ನಮ್ಮ ಮನೆಗಳಲ್ಲಿ ಬಚ್ಚಲು, ಕೊಟ್ಟಿಗೆ ಅನ್ನುವಷ್ಟೇ ಸಾಮಾನ್ಯ. ನಾನೂ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆ ಸೇರಿದೆ. ಎರಡನೇ ತಿಂಗಳಲ್ಲಿ ಒಂದು ಅಲ್ಯೂಮಿನಿಯಂ ರಿಂಗ್ ಲೇತ್‌ನಲ್ಲಿ ಮುಗಿಸುವ ಕೆಲಸ ಕೊಟ್ಟರು. ಹೊರಗಿನ ವ್ಯಾಸ 250 ಮಿ.ಮೀ., ಹೆಚ್ಚುಕಮ್ಮಿ ಆಗಲು ಬಿಟ್ಟಿದ್ದು ಎರಡೂ ಕಡೆ 0.03 ಮಿ.ಮೀ. ಕೊನೆಯ ಕಟ್ ಕೊಟ್ಟು ತಕ್ಷಣ ಮೈಕ್ರೋಮೀಟರ್ ಹಿಡಿದೆ. ಅಳತೆ ಸರಿಯಾಗಿ ಕೂತಿತ್ತು. ತುಂಡಿನ ಜೊತೆಗೇ ಓಡಾಡುವ ಕೆಲಸದ ಚೀಟಿ, ಅಂದರೆ ರೂಟ್ ಕಾರ್ಡ್‌ನಲ್ಲಿ ಸಹಿ ಹಾಕಿ, ಖುಷಿಯಲ್ಲಿ ಕ್ಯಾಂಟೀನಿಗೆ ಹೋದೆ. ಮಾರನೇ ಬೆಳಿಗ್ಗೆ ಇನ್‌ಸ್ಪೆಕ್ಷನ್‌ನಿಂದ ರಿಜೆಕ್ಟ್ ಆಗಿ ವಾಪಸ್ ಬಂತು. ವ್ಯಾಸ ಕಮ್ಮಿ.

ಏನಾಗಿತ್ತು ಅಂದರೆ, ಮೆಷಿನ್‌ನಿಂದ ಇಳಿಸಿದಾಗ ರಿಂಗ್ ಬಿಸಿ ಇತ್ತು. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ, ಸುಮಾರು 23 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. 250 ಮಿ.ಮೀ. ರಿಂಗು 15 ಡಿಗ್ರಿ ಬಿಸಿಯಾದರೆ 0.08 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಬಿಸಿಯಲ್ಲಿ ಸರಿ ಇದ್ದದ್ದು ತಣ್ಣಗಾದ ಮೇಲೆ ಅಷ್ಟು ಕುಗ್ಗಿತು. ಅಳತೆಗೆ ಇಡೀ ಜಗತ್ತು ಒಪ್ಪಿಕೊಂಡಿರುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಇದು ನನ್ನ ಪಠ್ಯಪುಸ್ತಕದಲ್ಲೂ ಇತ್ತು, ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ. ನಾನೇ ಬರೆದು ಎರಡು ಅಂಕ ತಗೊಂಡಿದ್ದೆ ಕೂಡ. ಸ್ಕ್ರ್ಯಾಪ್ ಡಬ್ಬಕ್ಕೆ ಆ ರಿಂಗ್ ಬಿದ್ದ ಸದ್ದು ಕೇಳಿದ ಮೇಲೆ ತಲೆಗೆ ಇಳಿಯಿತು. ಸೂಪರ್‌ವೈಸರ್ ಬೈಯಲಿಲ್ಲ. 'ನಾಳೆಯಿಂದ ಅಳೆಯೋ ಮುಂಚೆ ಕೈ ಇಟ್ಟು ನೋಡು' ಅಂದರು, ಅಷ್ಟೇ.

ಬೇರೆ ಕಾರ್ಖಾನೆಗಳಲ್ಲೂ ಇಂಥದ್ದು ಕಲಿಯಬಹುದು, ಇಲ್ಲ ಅನ್ನುವುದಿಲ್ಲ. ಆದರೆ ವಿಮಾನ, ಕ್ಷಿಪಣಿ, ರಾಡಾರ್ ಕೆಲಸದಲ್ಲಿ ಒಂದು ಹಟ ಇರುತ್ತದೆ. ಪ್ರತಿ ತುಂಡು ಲೋಹಕ್ಕೂ ಜಾತಕ ಇರುತ್ತದೆ: ಯಾವ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ), ಯಾರು ಕತ್ತರಿಸಿದರು, ಯಾವ ಮೆಷಿನ್, ಅಳೆದದ್ದು ಯಾವ ಗೇಜ್, ಆ ಗೇಜ್‌ನ ಕ್ಯಾಲಿಬ್ರೇಷನ್ ಯಾವಾಗ ಮುಗಿಯುತ್ತದೆ. ವಿಮಾನದ ಭಾಗಗಳನ್ನು ಕಾರ್ಖಾನೆಯವರು ನೋಡಿದರೆ ಸಾಲದು, ರಕ್ಷಣಾ ಇಲಾಖೆಯ ಗುಣಮಟ್ಟ ತಪಾಸಣೆ ವಿಭಾಗದವರೂ ನೋಡಬೇಕು. ಟೂಲ್ ಇಡುವ ಬೋರ್ಡಿನಲ್ಲಿ ಪ್ರತಿ ಸ್ಪ್ಯಾನರ್‌ನ ಆಕಾರ ಬಣ್ಣದಲ್ಲಿ ಬರೆದಿರುತ್ತದೆ. ಶಿಫ್ಟ್ ಮುಗಿದಾಗ ಒಂದು ಆಕಾರ ಖಾಲಿ ಕಂಡರೆ ಎಲ್ಲರೂ ನಿಲ್ಲಬೇಕು. ಹತ್ತನೇ ನಂಬರ್ ಸ್ಪ್ಯಾನರ್ ಒಂದು ವಿಮಾನದ ಹೊಟ್ಟೆಯೊಳಗೆ ಉಳಿದಿದ್ದರೆ? ಅದು ಸಿಗುವ ತನಕ ಪ್ಯಾನೆಲ್ ಮುಚ್ಚುವ ಹಾಗಿಲ್ಲ. ಮನೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿ ಕೊನೆಗೆ ಎರಡು ಬೋಲ್ಟ್ ಉಳಿಸಿಕೊಳ್ಳುವ ನಮ್ಮಂಥವರಿಗೆ ಇದು ಹೊಸ ಲೋಕ.

ಈ ಅಭ್ಯಾಸ ಒಂದು ಸಲ ಕೈಗೆ ಬಂದರೆ ಬಿಡುವುದಿಲ್ಲ. ಕೆಲಸ ಕೊಡುವವರು ಹುಡುಕುವುದು ಇದನ್ನೇ. ಕಾಯಂ ಆಗದೆ ಹೊರಬಂದ ಎಷ್ಟೋ ಹುಡುಗರನ್ನು ಪೀಣ್ಯದ ಬಿಡಿಭಾಗ ತಯಾರಕರು ಕರೆದು ಕೆಲಸ ಕೊಟ್ಟಿದ್ದನ್ನು ನೋಡಿದ್ದೇನೆ. ದೊಡ್ಡ ಕಾರ್ಖಾನೆಗಳಿಗೆ ಮಾಲು ಕೊಡುವವರು ಅವರು. ಡ್ರಾಯಿಂಗ್ ಓದಲು ಬರುವ, ಅಳತೆಯಲ್ಲಿ ಸುಳ್ಳು ಬರೆಯದ ಹುಡುಗರು ಅವರಿಗೆ ಸದಾ ಬೇಕು. ಶಿವಮೊಗ್ಗ ಹತ್ತಿರದ ನಮ್ಮ ಮಾಚೇನಹಳ್ಳಿಯ ಫೌಂಡ್ರಿ (ಎರಕದ ಕಾರ್ಖಾನೆ), ಮಷಿನ್ ಶಾಪ್‌ಗಳಲ್ಲೂ ಇದೇ ಮಾತು.

ಆದರೆ ಒಂದು ದೊಡ್ಡ 'ಆದರೆ' ಇದೆ. ಈ ಕಲಿಕೆ ಸಿಗುವುದು ಶಾಪ್ ಫ್ಲೋರ್, ಅಸೆಂಬ್ಲಿ, ಇನ್‌ಸ್ಪೆಕ್ಷನ್ ಅಥವಾ ಟೂಲ್ ರೂಮ್‌ನಲ್ಲಿ ಹಾಕಿದರೆ ಮಾತ್ರ. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ನನಗೆ ಗೊತ್ತಿರುವ ಸಾಗರದ ಕಡೆಯ ಒಬ್ಬ ಹುಡುಗನನ್ನು ಒಂದು ಕಡೆ ಎಂಟು ತಿಂಗಳು ಫೈಲ್ ಸ್ಕ್ಯಾನ್ ಮಾಡಲು ಕೂರಿಸಿದ್ದರು. ವರ್ಷದ ಕೊನೆಗೆ ಸರ್ಟಿಫಿಕೇಟ್ ಬಂತು. ಸಂದರ್ಶನದಲ್ಲಿ 'ಏನು ಕೆಲಸ ಮಾಡಿದೆ' ಅಂದರೆ ಹೇಳಲು ಏನೂ ಇರಲಿಲ್ಲ. ನಿಮ್ಮ ಭಾವ ಹೇಳುವ ಬಿಟ್ಟಿ ಚಾಕರಿ ಇದೇ. ಹಾಗಾಗಿ ಸೇರುವ ದಿನವೇ ಮಗಳು ತರಬೇತಿ ವಿಭಾಗದಲ್ಲಿ ಕೇಳಲಿ: ಯಾವ ಯಾವ ವಿಭಾಗದಲ್ಲಿ ಎಷ್ಟು ವಾರ? ತರಬೇತಿಯ ಪಟ್ಟಿ ಇರಲೇಬೇಕು. ಒಂದೇ ಕಡೆ ಮೂರು ತಿಂಗಳು ಗುಮಾಸ್ತಿಕೆ ಅಂತಾದರೆ ಬರವಣಿಗೆಯಲ್ಲಿ ವಿನಂತಿ ಕೊಡಲಿ. ಅದಕ್ಕೂ ಜಗ್ಗದಿದ್ದರೆ ಚೆನ್ನೈ ಮಂಡಳಿಗೆ ಬರೆಯಲಿ. ಬರೆದರೆ ಹಗೆ ಸಾಧಿಸುತ್ತಾರೆ ಅಂತ ಹೆದರುವವರು ಜಾಸ್ತಿ. ವಿನಯವಾಗಿ 'ಕಲಿಯಬೇಕು ಸರ್, ಮಷಿನ್ ಕಡೆ ಹಾಕಿ' ಅಂತ ಕೇಳಿದವರನ್ನು ಕಾಡಿಸಿದ್ದನ್ನು ನಾನು ನೋಡಿಲ್ಲ.

ದಿನವೂ ಒಂದು ಡೈರಿ ಬರೆಯಲಿ. ಇಲ್ಲೂ ಒಂದು ಎಚ್ಚರ. ಭಾಗದ ಹೆಸರು, ನಂಬರ್, ಡ್ರಾಯಿಂಗ್, ಎಷ್ಟು ತಯಾರಾಗುತ್ತದೆ ಅನ್ನುವ ಲೆಕ್ಕ, ಇದ್ಯಾವುದೂ ಡೈರಿಗೆ ಹೋಗಬಾರದು. ಫೋಟೋ ಅಂತೂ ಮಾತೇ ಇಲ್ಲ, ಅನೇಕ ಕಡೆ ಕ್ಯಾಮೆರಾ ಇರುವ ಫೋನ್ ಗೇಟಿನಲ್ಲೇ ಇಡಬೇಕು. ಅಧಿಕೃತ ರಹಸ್ಯ ಕಾಯ್ದೆ ಸುಮ್ನೆ ಗೋಡೆ ಮೇಲೆ ಅಂಟಿಸಿದ ಕಾಗದ ಅಲ್ಲ. ಅವಳು ಬರೆಯಬೇಕಾದ್ದು ತನ್ನ ಕೈಗೆ ಬಂದ ಕೆಲಸ: ಇವತ್ತು ಸ್ಲಿಪ್ ಗೇಜ್ ಜೋಡಿಸಲು ಕಲಿತೆ, ಬೋರ್ ಗೇಜ್ ಸೆಟ್ ಮಾಡಿದೆ, ಸಿಎನ್‌ಸಿಯಲ್ಲಿ ಟೂಲ್ ಆಫ್‌ಸೆಟ್ ಕೊಟ್ಟೆ, ಇಲ್ಲಿ ತಪ್ಪಿದೆ.

ಇನ್ನು ಅಪ್ರೆಂಟಿಸ್ ಮೊದಲೋ ಬಿ.ಇ. ಮೊದಲೋ ಅನ್ನುವ ಪ್ರಶ್ನೆ. ಬಿ.ಇ. ಬೇಡ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಅವಳಿಗೆ ಎಂಜಿನಿಯರ್ ಆಗಬೇಕು. ಸಾರ್ವಜನಿಕ ಉದ್ದಿಮೆಗಳಲ್ಲಿ ಡಿಪ್ಲೊಮಾದವರು ಸೇರುವುದು ಟೆಕ್ನಿಷಿಯನ್, ಎಂಜಿನಿಯರಿಂಗ್ ಅಸಿಸ್ಟೆಂಟ್ ಮಟ್ಟಕ್ಕೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ಒಳ್ಳೆ ಕೆಲಸಗಳೇ. ಆದರೆ ಎಂಜಿನಿಯರ್ ಅನ್ನುವ ಹುದ್ದೆಗೆ ನೇರವಾಗಿ ಹೋಗಬೇಕಾದರೆ ಪದವಿ ಬೇಕೇ ಬೇಕು. ಅಪ್ರೆಂಟಿಸ್ ಸರ್ಟಿಫಿಕೇಟ್ ಪದವಿಗೆ ಬದಲಿ ಅಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ಈಗಲೇ ಬಿ.ಇ. ಸೇರಿದರೆ ಓದಿನ ಓಘ ತಪ್ಪುವುದಿಲ್ಲ. ಡಿಪ್ಲೊಮಾದಿಂದ ಹೋಗುವವರು ಒದ್ದಾಡುವುದು ಗಣಿತದಲ್ಲಿ, ಮಧ್ಯೆ ಒಂದು ವರ್ಷ ಬಿಟ್ಟರೆ ಅದು ಇನ್ನೂ ಕಷ್ಟ. ಮೂರು ವರ್ಷ ಮನೆ ಹತ್ತಿರ ಇರುತ್ತಾಳೆ. ಆಮೇಲೆ ಪದವೀಧರ ಅಪ್ರೆಂಟಿಸ್ ಆಗಿಯೂ ಹೋಗಬಹುದು. ಅಪ್ರೆಂಟಿಸ್‌ಗೆ ಮೊದಲು ಹೋದರೆ ಮುಂದಿನ ವರ್ಷ ಮತ್ತೆ ಡಿಸಿಇಟಿ ಬರೆಯಬೇಕು, ಸೀಟು ಸಿಗುವ ಖಾತ್ರಿ ಇಲ್ಲ. ಇನ್ನೊಂದು ಮುಖ್ಯ ವಿಷಯ: ಒಮ್ಮೆ ಅಪ್ರೆಂಟಿಸ್ ಮುಗಿಸಿದವರು ಅರ್ಜಿ ಹಾಕುವಂತಿಲ್ಲ ಅಂತ ಹೆಚ್ಚಿನ ಅಧಿಸೂಚನೆಗಳಲ್ಲಿ ಬರೆದಿರುತ್ತಾರೆ. ಈಗ ಈ ಅವಕಾಶ ಬಳಸಿಕೊಂಡರೆ ಬಿ.ಇ. ಆದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ.

ಇಷ್ಟೆಲ್ಲ ಗೊತ್ತಿದ್ದೂ ನಾನು ಹೇಳುವುದು ಅಪ್ರೆಂಟಿಸ್‌ಗೆ ಕಳಿಸಿ ಅಂತಲೇ. ಕಾರಣ ಇದೆ. ನಾನು ಕಂಡಂತೆ ಪದವೀಧರ ಅಪ್ರೆಂಟಿಸ್‌ಗಳನ್ನು ಪ್ಲಾನಿಂಗ್, ಕಂಪ್ಯೂಟರ್, ರಿಪೋರ್ಟ್ ಅಂತ ಮೇಜಿನ ಮುಂದೆ ಕೂರಿಸುವುದು ಜಾಸ್ತಿ. ಡಿಪ್ಲೊಮಾದವರಿಗೆ ಮಷಿನ್ ಕೈಗೆ ಸಿಗುವುದು ಜಾಸ್ತಿ. ಬ್ಲೇಡಿನ ಸಂದು ನೋಡಿ ಕಾಯಿಗೆ ಗಾಯ ಯಾಕಾಗುತ್ತಿದೆ ಅಂತ ಕಂಡುಹಿಡಿದ ಹುಡುಗಿಗೆ ಬೇಕಾದ್ದು ಆ ಎರಡನೆಯದು. ಶಾಪ್‌ನಲ್ಲಿ ವರ್ಷ ಕಳೆದು ಬಿ.ಇ.ಗೆ ಹೋದವರಿಗೆ ಮೆಟ್ರಾಲಜಿ (ಅಳತೆಯ ಶಾಸ್ತ್ರ), ಮಷಿನ್ ಡ್ರಾಯಿಂಗ್ ಬಾಯಿಪಾಠ ಮಾಡಬೇಕಾಗುವುದಿಲ್ಲ, ಕಣ್ಣ ಮುಂದೆ ಬರುತ್ತದೆ. ಗಣಿತಕ್ಕೆ ಮಾತ್ರ ಒಂದು ದಾರಿ ಮಾಡಿಕೊಳ್ಳಲಿ: ಪಿಜಿಯಲ್ಲಿ ದಿನಕ್ಕೆ ಅರ್ಧ ಗಂಟೆ, ತಪ್ಪದೆ. ಅಪ್ರೆಂಟಿಸ್ ಆದ ಮೇಲೆ ಬೆಂಗಳೂರಿನಲ್ಲೇ ಕೆಲಸ ಸಿಕ್ಕಿತು ಅಂದುಕೊಳ್ಳಿ, ಕೆಲಸ ಮಾಡುವವರಿಗೆ ಸಂಜೆ ಬಿ.ಇ. ನಡೆಸುವ ಕಾಲೇಜುಗಳೂ ಅಲ್ಲಿವೆ. ಅದು ಸುಲಭದ ಜೀವನ ಅಲ್ಲ, ಆದರೆ ನನ್ನ ಜೊತೆಯವರು ಕೆಲವರು ಹಾಗೇ ಎಂಜಿನಿಯರ್ ಆದರು.

ಎರಡು ಸಂದರ್ಭದಲ್ಲಿ ನನ್ನ ಸಲಹೆ ಬದಲಾಗುತ್ತದೆ. ಒಂದು, ತಿಂಗಳಿಗೆ ಆ ಎರಡು ಮೂರು ಸಾವಿರ ಕಳಿಸಲು ಸಾಲ ಮಾಡಬೇಕಾದರೆ. ಆಗ ಬೆಂಗಳೂರಿಗೇ ಹೋಗಬೇಕಿಲ್ಲ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಯಾವ ಸಂಸ್ಥೆಯಾದರೂ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು ಅಂತ ನಿಯಮ ಇದೆ, ಶಿವಮೊಗ್ಗದ ಫೌಂಡ್ರಿಗಳಿಗೂ ಅದು ಅನ್ವಯ. ಎರಕ ಹೊಯ್ಯುವುದರಿಂದ ಮಷಿನಿಂಗ್ ತನಕ ಒಂದೇ ಆವರಣದಲ್ಲಿ ನೋಡಲು ಸಿಗುತ್ತದೆ. ಎರಡು, ಈ ವರ್ಷ ಒಳ್ಳೆ ಕಾಲೇಜಿನಲ್ಲಿ ಸರ್ಕಾರಿ ಶುಲ್ಕದ ಸೀಟು ಕೈಗೆ ಬಂದುಬಿಟ್ಟರೆ. ಅದನ್ನು ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ.

ಸೇರಿ ಅರ್ಧಕ್ಕೆ ಬಿಟ್ಟು ಬರಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಪ್ಪಂದ ಮುರಿದರೆ ತರಬೇತಿಯ ಖರ್ಚು ವಾಪಸ್ ಕೇಳಲು ಕಾಯ್ದೆಯಲ್ಲಿ ಅವಕಾಶ ಇದೆ. ಆದ್ದರಿಂದ ಸೀಟಿನ ವಿಷಯ ಇತ್ಯರ್ಥ ಮಾಡಿಕೊಂಡೇ ಸಹಿ ಹಾಕಲಿ. ವರ್ಷ ಮುಗಿದ ಮೇಲೆ ಅಲ್ಲೇ ಇರಬೇಕು ಅಂತ ಷರತ್ತು ಇದೆಯಾ ಅಂತ ಒಪ್ಪಂದದಲ್ಲಿ ಓದಿ ನೋಡಲಿ. ಓವರ್‌ಟೈಮ್ ಮಾಡಿಸಲು ಸರ್ಕಾರ ನೇಮಿಸಿದ ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆ ಬೇಕು, ಸೂಪರ್‌ವೈಸರ್ ಬಾಯಿಮಾತು ಸಾಲದು. ಕೆಲಸದಲ್ಲಿ ಗಾಯ ಆದರೆ ಕಾರ್ಮಿಕರಿಗೆ ಸಿಗುವ ಪರಿಹಾರ ಅಪ್ರೆಂಟಿಸ್‌ಗೂ ಸಿಗುತ್ತದೆ.

ಅವಳ ಅಮ್ಮನಿಗೆ ಹೇಳಿ: ಶಾಪ್‌ಗಳಲ್ಲಿ ಈಗ ಹೆಣ್ಣುಮಕ್ಕಳು ಅಪರೂಪ ಅಲ್ಲ. ಸೂಕ್ಷ್ಮ ಅಸೆಂಬ್ಲಿ, ಇನ್‌ಸ್ಪೆಕ್ಷನ್ ವಿಭಾಗಗಳಲ್ಲಂತೂ ತುಂಬಾ ಹಿಂದಿನಿಂದಲೂ ಇದ್ದಾರೆ. ನಾನು ಹೆದರುವುದು ಬೇರೆ ವಿಷಯಕ್ಕೆ. ತಿರುಗುವ ಲೇತ್‌ಗೆ ಹುಡುಗ ಹುಡುಗಿ ಅಂತ ಇಲ್ಲ, ಅದು ಹಿಡಿಯುವುದು ಸಡಿಲ ಬಟ್ಟೆಯನ್ನು, ಜಡೆಯನ್ನು, ಕೈಬಳೆಯನ್ನು. ದುಪಟ್ಟಾ ಪಿಜಿಯಲ್ಲೇ ಇರಲಿ. ಕೂದಲು ಕ್ಯಾಪ್ ಒಳಗೆ. ಬಳೆ, ಉಂಗುರ, ಸರ ಬೇಡ. ಡ್ರಿಲ್ಲಿಂಗ್ ಮಷಿನ್ ಹತ್ತಿರ ಕೈಗವಸು ಹಾಕಬಾರದು ಅನ್ನುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಬಿಟ್ ಮೊದಲು ಸುತ್ತಿಕೊಳ್ಳುವುದು ಗವಸನ್ನೇ.

ಹೊರಡುವ ಮೊದಲು ಎರಡು ಸಣ್ಣ ಕೆಲಸ. ಪೊಲೀಸ್ ವೆರಿಫಿಕೇಷನ್ ಕೇಳಿದ್ದರೆ ಸೇವಾ ಸಿಂಧುವಿನಲ್ಲಿ ಈ ವಾರವೇ ಅರ್ಜಿ ಹಾಕಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ ಅಲ್ವಾ, ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಇನ್ನೊಂದು, ಸೇಫ್ಟಿ ಶೂ. ಎಷ್ಟೋ ಕಡೆ ಸ್ಟೋರ್‌ನಲ್ಲಿ ಗಂಡಸರ ಅಳತೆಯೇ ಇರುತ್ತದೆ, ಹುಡುಗಿಯರು ಒಂದು ಸೈಜ್ ದೊಡ್ಡದು ಹಾಕಿಕೊಂಡು ದಿನವಿಡೀ ಕಾಲು ಎಳೆದುಕೊಂಡು ಓಡಾಡುತ್ತಾರೆ. ಮೊದಲ ದಿನವೇ ತನ್ನ ನಂಬರ್ ಹೇಳಿ ಬರೆಸಲಿ. ತಡ ಅಂದರೆ ಶಿವಮೊಗ್ಗದಲ್ಲೇ ಒಂದು ಜೊತೆ ಕೊಂಡು ಕಳಿಸಿ, ಹೊಸದನ್ನು ತೋಟದಲ್ಲಿ ನಾಲ್ಕು ದಿನ ಹಾಕಿ ಓಡಾಡಿದರೆ ಹದಕ್ಕೆ ಬರುತ್ತದೆ.